ನೀರಿನ ಬಿಲ್ಲಿಗೊಂದು ಚೌಕಟ್ಟು

ಜನವರಿ 8

ಪ್ರೀತಿಯ ಪುಟ್ಟಿ,

ನಿನ್ನೆ ಇಲ್ಲಿನ ಗ್ರಂಥಾಲಯದಲ್ಲಿ ಓದುಗರ ಜೊತೆ ನನ್ನದೊಂದು ಮಾತುಕತೆ ಇಟ್ಟಿದ್ದರು. ಕುರ್ಚಿಗಳು ಜಾಸ್ತಿ, ಜನ ಕಮ್ಮಿ. ಮುಂದಿನ ಸಾಲಿನಲ್ಲಿ ಕೂತಿದ್ದ ಹೆಂಗಸೊಬ್ಬಳು ಎದ್ದು ನಿಂತು ಕೇಳಿಯೇ ಬಿಟ್ಟಳು: "ಮೇಡಂ, ಇಷ್ಟೊಂದು ಪ್ರೇಮಕಥೆ ಬರೀತೀರಲ್ಲ, ನಿಮಗೆ ಇವೆಲ್ಲ ಎಲ್ಲಿಂದ ಹೊಳೆಯುತ್ತೆ?" ಎಲ್ಲರೂ ಒಟ್ಟಿಗೆ ಹಿಂತಿರುಗಿ ನಿಮ್ಮ ಭಾವನನ್ನು ನೋಡಿದರು. ಅವರು ಹಿಂದಿನ ಸಾಲಿನಲ್ಲಿ ಬಾಯಿ ತೆರೆದುಕೊಂಡು ನಿದ್ದೆ ಹೊಡೆಯುತ್ತಿದ್ದರು. ಊರಿಗೆಲ್ಲ ಹಲ್ಲು ನೋಡುವ ಡಾಕ್ಟರ ಹುಳುಕು ಹಲ್ಲು ನಿನ್ನೆ ಇಡೀ ಸಭೆಗೆ ಕಂಡಿತು.

"ಜೀವನದಿಂದ" ಎಂದೆ. ಚಪ್ಪಾಳೆ ಬಿತ್ತು.

ಯಾವ ಜೀವನ ಹೇಳು. ನಿಮ್ಮ ಭಾವ ನನ್ನ ಮುಖ ನೋಡಿದರೂ ಅವರಿಗೆ ಕಾಣುವುದು ದವಡೆಯೇ. ಮದುವೆಯಾದಾಗಿನಿಂದ ಅವರು ನನಗೆ ಹೇಳಿರುವ ಅತಿ ಮಧುರವಾದ ಮಾತು "ಇನ್ನೂ ಸ್ವಲ್ಪ ದೊಡ್ಡದಾಗಿ ತೆಗಿ". ನಿನ್ನ ಕಥೆ ಹಾಗಲ್ಲ. ಫ್ರೇಮ್ ಹಾಕುವ ಅಂಗಡಿ ಎಂದಮೇಲೆ ದಿನಬೆಳಗಾದರೆ ಜನ ಮದುವೆ ಫೋಟೋ ಹಿಡಿದುಕೊಂಡು ಬರುತ್ತಾರೆ. ಚೂರುಪಾರು ಏನಾದರೂ ಇದ್ದರೆ ಬರೆದು ಕಳಿಸು. ಫೋನಿನಲ್ಲಿ ಬೇಡ. ನೀನು ಗಾಜು ಕೊಯ್ಯುತ್ತಲೇ ಮಾತಾಡುತ್ತೀಯ, ಆ ಕಿರ್ ಎನ್ನುವ ಸದ್ದಿಗೆ ನನ್ನ ಹಲ್ಲು ಜುಮ್ಮೆನ್ನುತ್ತದೆ. ಕಾಗದವೇ ವಾಸಿ.

ಸುಮ್ಮನೆ ಕೇಳಿದೆ ಅಷ್ಟೆ. ಕಥೆಗೇನೂ ಬರವಿಲ್ಲ. ಪತ್ರಿಕೆಯ ಸಂಪಾದಕರು ನನ್ನ ಮೇಲೆ ಬಹಳ ಖುಷಿಯಾಗಿದ್ದಾರೆ.

ನಿನ್ನ ಅಕ್ಕ


ಜನವರಿ 17

ಅಕ್ಕಾ,

ನಮ್ಮ ಅಂಗಡಿಯಲ್ಲಿ ಪ್ರೇಮ ಹುಡುಕುತ್ತೀಯಲ್ಲ, ನಿನಗೆ ಏನು ಹೇಳಲಿ! ಮದುವೆ ಫೋಟೋ ತಂದವರು ಇಲ್ಲಿ ಮಾಡುವುದು ಜಗಳ. ಚಿನ್ನದ ಬಣ್ಣದ ಪಟ್ಟಿಯೇ ಬೇಕು ಅಂತ ಅವಳು, ಮರದ ಬಣ್ಣ ಸಾಕು ಅಂತ ಅವನು. ಕೊನೆಗೆ ಇಬ್ಬರೂ ಒಂದಾಗಿ ನನ್ನ ಮೇಲೆ ರೇಗುತ್ತಾರೆ. ಅಪ್ಪ ಅಂಗಡಿ ಬಿಟ್ಟುಕೊಡುವಾಗ ಗಾಜು ಕೊಯ್ಯುವ ವಜ್ರವನ್ನು ಕೈಗಿಟ್ಟು, "ಗಂಡ ಹೆಂಡತಿ ಒಟ್ಟಿಗೆ ಬಂದರೆ ನೀನು ಬಾಯಿ ಬಿಡಬೇಡ" ಅಂದಿದ್ದರು. ಅದೊಂದು ಮಾತು ಪಾಲಿಸಿಕೊಂಡು ಬಂದಿದ್ದೇನೆ.

ನಿನ್ನ ಕಥೆಗಳನ್ನು ನಾನು ಓದುವುದಿಲ್ಲ ಎನ್ನುವುದು ನಿನಗೆ ಗೊತ್ತೇ ಇದೆ. ನಿನ್ನ ನಾಯಕಿಯರು ಕಿಟಕಿಯ ಹತ್ತಿರ ನಿಂತು ಕಾಯುತ್ತಾರೆ, ಕಾಯುತ್ತಾರೆ, ನನಗೆ ಮೈಯೆಲ್ಲ ಉರಿಯುತ್ತದೆ. ಕೈಕಾಲು ಗಟ್ಟಿಯಾಗಿದೆಯಲ್ಲ, ಎದ್ದು ಹೋಗಿ ಕೇಳುವುದಕ್ಕೇನು?

ನಗುವುದಕ್ಕಾದರೆ ಒಬ್ಬ ಗಿರಾಕಿ ಇದ್ದಾರೆ. ಲಿಫ್ಟ್ ರಿಪೇರಿಯವರು. ಲಿಫ್ಟಿನೊಳಗೆ "ಆರು ಜನರಿಗೆ ಮಾತ್ರ" ಅಂತ ಪರವಾನಗಿ ತೂಗುಹಾಕಿರುತ್ತಾರಲ್ಲ, ಅದಕ್ಕೆ ಫ್ರೇಮ್ ಹಾಕಿಸಲು ಬರುತ್ತಿದ್ದರು. ಸರಿ, ಅದು ಕೆಲಸ. ಆಮೇಲೆ ಅವರ ತಂದೆಯ ಫೋಟೋ ತಂದರು. ಅದೂ ಸರಿ. ಆಮೇಲೆ ಶಾಲೆಯಲ್ಲಿ ಈಜಿನಲ್ಲಿ ಮೂರನೇ ಬಹುಮಾನ ಬಂದ ಸರ್ಟಿಫಿಕೇಟು. ಎಷ್ಟು ಜನ ಈಜಿದ್ದರು ಅಂತ ಕೇಳಿದೆ. "ಮೂರು" ಅಂದರು, ಮುಖ ಕೆಂಪಗೆ ಮಾಡಿಕೊಂಡು. ಮೊನ್ನೆ ಹಳೆಯ ಕ್ಯಾಲೆಂಡರಿನ ಒಂದು ಹಾಳೆ. ಚಿತ್ರವೂ ಇಲ್ಲ, ಬರೀ ತಾರೀಖು. ನನ್ನ ಕೇಳಿದರೆ ಈ ಮನುಷ್ಯನ ತಲೆಗೇ ಒಂದು ಫ್ರೇಮ್ ಹಾಕಿಸಬೇಕು.

ಇದರಲ್ಲಿ ನಿನಗೆ ಕಥೆ ಸಿಕ್ಕೀತೆ? ಸಿಗಲಾರದು.

ಪುಟ್ಟಿ


ಜನವರಿ 24

ಪುಟ್ಟಿ,

ಅವಸರದಲ್ಲಿ ಬರೆಯುತ್ತಿದ್ದೇನೆ. ನಿನ್ನ ಲಿಫ್ಟ್‌ನವರು ಎಷ್ಟು ಎತ್ತರ? ಕೂದಲಿದೆಯೋ? ಫ್ರೇಮ್ ಕೈಗೆ ಕೊಟ್ಟಾಗ ಅವರು ಫ್ರೇಮ್ ನೋಡುತ್ತಾರೋ ನಿನ್ನನ್ನು ನೋಡುತ್ತಾರೋ? ಮನೆಯಲ್ಲಿ ಯಾರಿದ್ದಾರೆ?

ನಿಮ್ಮ ಭಾವ ಕೇಳಲು ಹೇಳಿದರು. ಅವರಿಗೆ ಲಿಫ್ಟ್ ಎಂದರೆ ಮೊದಲಿನಿಂದಲೂ ಆಸಕ್ತಿ.

ಅಕ್ಕ


ಫೆಬ್ರವರಿ 6

ಅಕ್ಕಾ,

ಭಾವನಿಗೆ ಹೇಳು, ಎತ್ತರ ಸಾಧಾರಣ, ಕೂದಲು ಮುಂದೆ ಕಮ್ಮಿ, ಹಿಂದೆ ಇದೆ. ಮನೆಯಲ್ಲಿ ತಾಯಿ ಒಬ್ಬರೇ. ಮದುವೆ ಆಗಿಲ್ಲವಂತೆ, ನಾನು ಕೇಳಲಿಲ್ಲ, ಅವರಾಗಿಯೇ ಹೇಳಿದರು. ಫ್ರೇಮ್ ಕೊಟ್ಟರೆ ನೋಡುವುದೇ ಇಲ್ಲ, ಕಂಕುಳಲ್ಲಿ ಇಟ್ಟುಕೊಂಡು ನಿಂತೇ ಇರುತ್ತಾರೆ. ಹಾಗೆ ನಿಂತರೆ ನನಗೆ ಗಾಜು ಕೊಯ್ಯಲು ಬೆಳಕಿಗೆ ಅಡ್ಡವಾಗುತ್ತಿತ್ತು. ಅದಕ್ಕೇ ಒಂದು ಸ್ಟೂಲ್ ತಂದು ಹಾಕಿದೆ. ಟ್ಯೂಬ್‌ಲೈಟೂ ಹೊಸದು ಹಾಕಿಸಿದೆ. ವ್ಯಾಪಾರ ಅಂದಮೇಲೆ ಗಿರಾಕಿಗಳಿಗೆ ಅನುಕೂಲ ನೋಡಬೇಕಲ್ಲ.

ಅಂಗಡಿಯ ಶಟರ್ ಎಳೆದರೆ ಬೀದಿಯೇ ಎದ್ದು ಕೂರುತ್ತಿತ್ತು, ನೆನಪಿದೆಯೇ? ಅಪ್ಪನ ಕಾಲದಿಂದಲೂ ಆ ಸದ್ದು. ಈ ಲಿಫ್ಟ್‌ನವರು ಜೇಬಿನಿಂದ ಎಣ್ಣೆಯ ಡಬ್ಬಿ ತೆಗೆದು ಎರಡು ಕಡೆ ಬಿಟ್ಟರು. ಈಗ ಸದ್ದೇ ಇಲ್ಲ. ಎಷ್ಟೋ ಸಲ ಅಂಗಡಿ ತೆರೆದೆನೋ ಇಲ್ಲವೋ ಎಂದು ನನಗೇ ಅನುಮಾನ ಬರುತ್ತದೆ.

ಈಗ ಕೇಳು ತಮಾಷೆ. ನಿನ್ನೆ ಏನು ತಂದರು ಗೊತ್ತೆ? ನೀರಿನ ಬಿಲ್ಲು! ದುಡ್ಡು ಕಟ್ಟಿ ಮುದ್ರೆ ಹಾಕಿಸಿಕೊಂಡ ನೀರಿನ ಬಿಲ್ಲು. "ಇದಕ್ಕೂ ಫ್ರೇಮ್ ಬೇಕಾ?" ಅಂದೆ. "ಹೌದು, ಸ್ವಲ್ಪ ಅಗಲದ ಪಟ್ಟಿನೇ ಹಾಕಿ, ನಿಧಾನವಾದರೂ ಪರವಾಗಿಲ್ಲ" ಅಂದರು. ಅವರು ಹೋದಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕೆ. ಪಾಪ, ಒಳ್ಳೆಯವರು, ಆದರೆ ಎಲ್ಲೋ ಒಂದು ಸ್ಕ್ರೂ ಸಡಿಲ.

ನನಗೆ ತಿಳಿಯದ್ದು ಒಂದೇ. ಬಿಲ್ಲನ್ನು ಗೋಡೆಗೆ ತೂಗುಹಾಕಿಕೊಂಡು ಮಾಡುವುದೇನು?

ಪುಟ್ಟಿ


ಮಾರ್ಚ್ 3

ಪ್ರೀತಿಯ ಪುಟ್ಟಿ,

ತಡವಾಯಿತು, ಕ್ಷಮಿಸು. ಹೊಸ ಧಾರಾವಾಹಿ ಶುರುವಾಗಿದೆ, ಉಸಿರಾಡಲು ಪುರುಸೊತ್ತಿಲ್ಲ. ಒಬ್ಬ ವಿಮಾನದ ಪೈಲಟ್ಟಿನ ಕಥೆ. ಎತ್ತರದ ಆಳು, ತಲೆ ತುಂಬ ಗುಂಗುರು ಕೂದಲು. ನಿನ್ನ ಲಿಫ್ಟ್‌ನವರಿಗೂ ಇದಕ್ಕೂ ಏನೇನೂ ಸಂಬಂಧವಿಲ್ಲ. "ಇಬ್ಬರೂ ಮೇಲೆ ಕೆಳಗೆ ಹೋಗುವವರೇ ತಾನೆ" ಎಂದು ನಿಮ್ಮ ಭಾವ ಅಣಕಿಸಿದರು. ಅವರಿಗೆ ಸಾಹಿತ್ಯ ತಿಳಿಯುವುದಿಲ್ಲ.

ವಾರ ವಾರವೂ ನಿನಗೆ ಪತ್ರಿಕೆ ಕಳಿಸುತ್ತೇನೆ. ಈ ಸಲವಾದರೂ ಓದು. ನಿನ್ನ ಮೇಲಾಣೆ, ಇದರ ನಾಯಕಿ ಕಿಟಕಿಯ ಹತ್ತಿರ ನಿಲ್ಲುವುದಿಲ್ಲ. ದುಡಿಯುವ ಹೆಂಗಸು, ಬಾಯಿ ಜೋರು, ಕೈ ಚುರುಕು. ಕಣ್ಣ ಮುಂದೆ ಇರುವುದು ಮಾತ್ರ ಕಾಣುವುದಿಲ್ಲ ಅವಳಿಗೆ. ಓದಿದರೆ ನಿನಗೆ ಏನಾದರೂ ಹೊಳೆಯಬಹುದು. ಬಾಯಿಬಿಟ್ಟು ಹೇಳಿದರೆ ನೀನು ಶಟರ್ ಎಳೆದುಕೊಳ್ಳುವವಳು, ಅದಕ್ಕೇ ಹೇಳುವುದಿಲ್ಲ.

ಲಿಫ್ಟ್‌ನವರು ಏನಾದರೂ ಹೊಸದು ತಂದರೆ ತಿಳಿಸು. ಭಾವ ಕೇಳುತ್ತಿದ್ದಾರೆ.

ಅಕ್ಕ


ಮಾರ್ಚ್ 24

ಅಕ್ಕಾ,

ಪತ್ರಿಕೆಗಳು ಬರುತ್ತಿವೆ. ಓದಲಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ವ್ಯರ್ಥವಾಗಲಿಲ್ಲ. ಕಾಗದ ಒಳ್ಳೆ ದಪ್ಪ, ಫ್ರೇಮಿನ ಮೂಲೆಗೆ ಸುತ್ತಲು ಹೇಳಿಮಾಡಿಸಿದಂತಿದೆ. ಮಾಮೂಲಿ ದಿನಪತ್ರಿಕೆ ನಾಲ್ಕು ಪದರ ಸುತ್ತುವ ಕಡೆ ನಿನ್ನ ಪೈಲಟ್ ಒಬ್ಬನೇ ಸಾಕು. ಊರಿನ ಮನೆಮನೆಗೂ ಅವನು ಹಾರಾಡುತ್ತಿದ್ದಾನೆ, ಸಂತೋಷಪಡು.

ಲಿಫ್ಟ್‌ನವರ ವಿಷಯ ಕೇಳಿದೆಯಲ್ಲ. ಬಿಲ್ಲಾದಮೇಲೆ ಬಸ್ಸಿನ ವೇಳಾಪಟ್ಟಿ ತಂದರು. ಅದನ್ನು ಮೊನ್ನೆ ತೆಗೆದುಕೊಂಡು ಹೋಗುವಾಗ ಹೊಸದಾಗಿ ಕೊಟ್ಟದ್ದೇನು ಹೇಳು ನೋಡೋಣ. ಒಂದು ಬಿಳಿ ಹಾಳೆ. ಹಿಂದೆ ಮುಂದೆ ತಿರುಗಿಸಿ ನೋಡಿದೆ, ಒಂದು ಗೀಟೂ ಇಲ್ಲ. "ಇದರಲ್ಲಿ ಏನೂ ಇಲ್ಲವಲ್ಲ" ಅಂದೆ. "ಮನೆಯಲ್ಲಿ ಇನ್ನೇನೂ ಉಳಿದಿಲ್ಲ" ಅಂದರು. ಆಮೇಲೆ ಸ್ಟೂಲಿನ ಅಂಚಿಗೆ ಸರಿದು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಗಂಡ ಹೆಂಡತಿ ಜೋಡಿಯೊಂದು ಚಿನ್ನದ ಬಣ್ಣದ ಪಟ್ಟಿ ಬೇಕೆಂದು ನುಗ್ಗಿತು. ಇವರು ಎದ್ದು ಹೊರಟುಬಿಟ್ಟರು.

ಅವತ್ತು ನಗು ಬರಲಿಲ್ಲ. ಯಾಕೋ ಗೊತ್ತಿಲ್ಲ. ಆ ಜೋಡಿಯ ಮೇಲೆ ವಿಪರೀತ ಸಿಟ್ಟು ಬಂತು.

ಪುಟ್ಟಿ


ಏಪ್ರಿಲ್ 14

ಅಕ್ಕಾ,

ನಿನ್ನಿಂದ ಉತ್ತರವಿಲ್ಲ. ಬಹಳ ಕೆಲಸವಿರಬೇಕು. ಇಲ್ಲಿ ಎಲ್ಲ ಮಾಮೂಲು.

ಆ ಬಿಳಿ ಹಾಳೆಯ ಫ್ರೇಮ್ ಆವತ್ತೇ ತಯಾರಾಗಿದೆ. ಲಿಫ್ಟ್‌ನವರು ಬಂದು ಒಯ್ಯಲಿಲ್ಲ. ಗೋಡೆಯ ಒಂದು ಕೊಂಡಿ ಸುಮ್ಮನೆ ಅದಕ್ಕೇ ಮೀಸಲಾಗಿ ಬೇರೆ ಗಿರಾಕಿಗಳ ಫ್ರೇಮ್ ತೂಗುಹಾಕಲು ಜಾಗವಿಲ್ಲ, ಅದಕ್ಕೇ ಹೇಳಿದೆ. ಮೊನ್ನೆ ಲಿಫ್ಟಿನ ಪರವಾನಗಿಗಳನ್ನು ಅವರ ಕಂಪನಿಯ ಇನ್ನೊಬ್ಬರು ತಂದರು. "ಅವರಿಗೆ ಹುಷಾರಿಲ್ಲವಾ?" ಅಂದೆ. "ಚೆನ್ನಾಗೇ ಇದ್ದಾರಲ್ಲ, ಈ ಕಡೆ ಬರೋಕಾಗಲ್ಲ ಅಂದ್ರು" ಅಂದರು.

ನಾನೇನು ತಪ್ಪು ಮಾಡಿದೆ ಎಂದು ಯೋಚಿಸಿ ಯೋಚಿಸಿ ತಲೆ ಕೆಟ್ಟಿದೆ. ಬಸ್ಸಿನ ವೇಳಾಪಟ್ಟಿಯನ್ನು ಚೆನ್ನಾಗಿಯೇ ಸುತ್ತಿಕೊಟ್ಟಿದ್ದೆ. ಗಾಜು ಒಡೆದಿರಲಾರದು. ನಿನ್ನ ಪತ್ರಿಕೆಯನ್ನೇ ಸುತ್ತಿದ್ದೆ, ಅವತ್ತೇ ಬಂದಿತ್ತು ಅದು.

ಸ್ಟೂಲ್ ಒಳಗೆ ತೆಗೆದಿಟ್ಟಿದ್ದೇನೆ. ಓಡಾಡಲು ಕಾಲಿಗೆ ಸಿಕ್ಕುತ್ತಿತ್ತು.

ಪುಟ್ಟಿ


ಏಪ್ರಿಲ್ 17

ಪುಟ್ಟಿ, ನನ್ನ ಕಂದಾ,

ಅವತ್ತೇ ಬಂದ ಪತ್ರಿಕೆಯೇ? ಪೈಲಟ್ ಬೂದು ಬಣ್ಣದ ಕೋಟು ಹಾಕಿಕೊಂಡಿರುವ ಚಿತ್ರವಿತ್ತೆ? ಅಯ್ಯೋ ದೇವರೇ. ಅದು ಐದನೇ ಕಂತು.

ಕೂತುಕೋ, ಹೇಳುತ್ತೇನೆ. ಸಂಪಾದಕರು ನನ್ನ ಮೇಲೆ ಖುಷಿಯಾಗಿದ್ದಾರೆ ಎಂದಿದ್ದೆನಲ್ಲ, ಅದು ಬುರುಡೆ. "ನಿಮ್ಮ ಕಥೆ ಸಪ್ಪೆಯಾಗಿದೆ, ಇದೊಂದು ಧಾರಾವಾಹಿ ನೋಡೋಣ, ಓಡದಿದ್ದರೆ ಅಡುಗೆಯ ಅಂಕಣ ಬರೀರಿ" ಎಂದಿದ್ದರು. ನನ್ನ ಕೈಯ ಅಡುಗೆ ನಿನಗೆ ಗೊತ್ತು. ಅಂಥ ಹೊತ್ತಿನಲ್ಲಿ ನಿನ್ನ ಕಾಗದ ಬಂತು. ಲಿಫ್ಟ್‌ನವರನ್ನು ಪೈಲಟ್ ಮಾಡಿದೆ. ಎತ್ತರ ಏರಿಸಿದೆ, ಕೂದಲು ನೆಟ್ಟೆ. ಯಾರಿಗೂ ಗುರುತು ಸಿಗಬಾರದೆಂದು ಎಲ್ಲ ಬದಲಾಯಿಸಿ, ನೀರಿನ ಬಿಲ್ಲನ್ನು ಮಾತ್ರ ಹಾಗೇ ಬಿಟ್ಟೆ. ಅದಕ್ಕಿಂತ ಚೆನ್ನಾಗಿರುವುದು ನನ್ನ ತಲೆಗೆ ಹೊಳೆಯಲಿಲ್ಲ. ಲೋಕದಲ್ಲಿ ನೀರಿನ ಬಿಲ್ಲಿಗೆ ಫ್ರೇಮ್ ಹಾಕಿಸಿದವರು ಒಬ್ಬರೇ ಇರುವುದು ಎಂದು ಯೋಚಿಸಲಿಲ್ಲ.

ಇನ್ನೂ ಇದೆ. ಆ ಕಂತಿನಲ್ಲಿ ನಾಯಕಿ ತನ್ನ ಅಕ್ಕನಿಗೆ ಹೇಳುತ್ತಾಳೆ: "ಈ ಮನುಷ್ಯನ ತಲೆಗೇ ಒಂದು ಫ್ರೇಮ್ ಹಾಕಿಸಬೇಕು." ನಿನ್ನ ಮಾತೇ. ಒಂದು ಅಕ್ಷರ ಬದಲಾಯಿಸಿಲ್ಲ.

ಆ ಹಾಳೆಯನ್ನೇ ನೀನು ಅವರ ಫ್ರೇಮಿಗೆ ಸುತ್ತಿ, ನಿನ್ನ ಕೈಯಾರೆ ಕೊಟ್ಟಿದ್ದೀಯ. ಮನೆಗೆ ಹೋಗಿ ಬಿಚ್ಚಿ ಓದಿದವರು ಏನೆಂದುಕೊಂಡಾರು? ಇದೇ ಅವಳ ಉತ್ತರ ಎಂದುಕೊಂಡಿರುತ್ತಾರೆ.

ಅವರು ಯಾಕೆ ಬರುತ್ತಿದ್ದರು ಎಂದು ನನಗೆ ಮೊದಲ ಕಾಗದದಲ್ಲೇ ತಿಳಿದಿತ್ತು. ಹೇಳಿದರೆ ನೀನು ಅವರ ಮುಖಕ್ಕೇ ಬಾಗಿಲು ಹಾಕುತ್ತೀಯ ಎಂದು ಕಥೆಯಲ್ಲಿ ಬರೆದೆ. ನೀನು ಓದುತ್ತೀಯ, ನಿನಗೆ ಅರ್ಥವಾಗುತ್ತದೆ ಎಂದುಕೊಂಡಿದ್ದೆ. ಓದಬೇಕಾದವಳು ಓದಲಿಲ್ಲ. ಓದಬಾರದಿದ್ದವರ ಮನೆಗೆ ನೀನೇ ತಲುಪಿಸಿದೆ.

ಮುಂದಿನ ಕಂತುಗಳು ಆಗಲೇ ಅಚ್ಚಿಗೆ ಹೋಗಿವೆ. ಅದಾದಮೇಲಿನದರಲ್ಲಿ ನಾಯಕಿ ಕ್ಷಮೆ ಕೇಳುವ ಹಾಗೆ ಬರೆಯುತ್ತೇನೆ, ಅದೂ ಮೂರು ಪುಟ. ನೀನು ಅದನ್ನು ಅವರ ಮನೆಗೆ ಅಂಚೆಯಲ್ಲಿ ಕಳಿಸು. ಎಲ್ಲ ಸರಿಹೋಗುತ್ತದೆ.

ನಿನ್ನ ಅಕ್ಕ


ಏಪ್ರಿಲ್ 20

ಅಕ್ಕಾ,

ಉಳಿದ ಪತ್ರಿಕೆಗಳನ್ನೆಲ್ಲ ಹುಡುಕಿ ಓದಿದೆ. ಐದನೇ ಕಂತು ಪೇಟೆಯಲ್ಲಿ ಕೊಂಡುಕೊಂಡೆ.

ನಿನ್ನ ಮೇಲೆ ಎಷ್ಟು ಸಿಟ್ಟು ಬಂದಿದೆ ಎಂದರೆ, ನಿನ್ನೆ ಕೊಯ್ದ ಗಾಜೆಲ್ಲ ಸೊಟ್ಟ. ನಿನಗೆ ಬರೆದದ್ದು ನಿನಗೆ ಅಂತ ಬರೆದದ್ದು. ಊರು ಓದಲಿ ಅಂತಲ್ಲ.

ಆದರೆ ಆ ಮಾತು ನನ್ನದೇ. ನನ್ನ ಬಾಯಿಂದ ಬಂದದ್ದೇ ಅವರ ಕಣ್ಣಿಗೆ ಬಿದ್ದಿದೆ. ಅದಕ್ಕೆ ನಿನ್ನನ್ನು ಬೈದು ಏನು ಪ್ರಯೋಜನ? ಇನ್ನೊಂದು ಕೇಳಬೇಕು. ನಿನ್ನ ನಾಯಕಿ ಅವನಿಗೋಸ್ಕರ ಸ್ಟೂಲ್ ತಂದು ಹಾಕಿದಳು, ದೀಪ ಬದಲಾಯಿಸಿದಳು, ಬಾಗಿಲ ಕಡೆ ನೋಡುತ್ತ ಬೆರಳು ಕೊಯ್ದುಕೊಂಡಳು ಎಂದೆಲ್ಲ ಬರೆದಿದ್ದೀಯ. ಬೆರಳಿನ ಸುದ್ದಿ ನಾನು ನಿನಗೆ ಬರೆಯಲೇ ಇಲ್ಲವಲ್ಲ, ನಿನಗೆ ಹೇಗೆ ತಿಳಿಯಿತು?

ಹೌದು, ಕಾಯುತ್ತಿದ್ದೆ. ಅವರು ಬಂದು ಕೂತರೆ ಅಂಗಡಿ ತುಂಬಿದ ಹಾಗಿರುತ್ತಿತ್ತು. ಈ ವಯಸ್ಸಿನಲ್ಲಿ ಇದೇನು ಎಂದು ನನಗೆ ನಾನೇ ಗದರಿಸಿಕೊಂಡು ನಿನಗೆ ತಮಾಷೆಯಾಗಿ ಬರೆಯುತ್ತಿದ್ದೆ. ನಾನೂ ನಿನ್ನ ಕಿಟಕಿಯ ಹೆಂಗಸರ ಥರವೇ ಆದೆ. ಕಿಟಕಿ ಇಲ್ಲ, ಶಟರ್ ಇದೆ, ಅಷ್ಟೇ ವ್ಯತ್ಯಾಸ.

ಮೂರು ಪುಟ ಕ್ಷಮೆ ನೀನು ಬರೆಯಬೇಡ. ಒಂದು ಸಾಲೂ ಬೇಡ. ಅವರ ಫ್ರೇಮ್ ನನ್ನ ಹತ್ತಿರ ಇದೆ. ವಿಳಾಸ ರಸೀದಿಯಲ್ಲೇ ಇದೆ. ನಾನೇ ಹೋಗುತ್ತೇನೆ.

ಪುಟ್ಟಿ


ಏಪ್ರಿಲ್ 28

ಪುಟ್ಟಿ,

ಹೋದೆಯಾ? ಏನಾಯಿತು? ಅಂಚೆಯವನು ನಮ್ಮ ಗೇಟು ದಾಟಿ ಹೋದರೆ ನಿಮ್ಮ ಭಾವ ಕ್ಲಿನಿಕ್ಕಿನಿಂದ ಕೈಗವಸು ಹಾಕಿಕೊಂಡೇ ಓಡಿಬರುತ್ತಾರೆ. ನಿನ್ನೆ ಕುರ್ಚಿಯಲ್ಲಿ ಬಾಯಿ ತೆರೆದು ಕೂತಿದ್ದ ರೋಗಿಗೂ ಈಗ ಇಡೀ ಕಥೆ ಗೊತ್ತು. ಅವರೂ ಕೇಳುತ್ತಿದ್ದಾರೆ.

ಇದು ಧಾರಾವಾಹಿಗಲ್ಲ. ಆಣೆ ಮಾಡುತ್ತೇನೆ.

ಬೆರಳು ಹೇಗೆ ತಿಳಿಯಿತೆಂದು ಕೇಳಿದೆಯಲ್ಲ. ಫೆಬ್ರವರಿಯ ನಿನ್ನ ಕಾಗದದಲ್ಲಿ ಅಕ್ಷರ ಹಿಂದೆಂದಿಗಿಂತ ವಕ್ರವಾಗಿತ್ತು, ಮೂಲೆಯಲ್ಲಿ ಕಂದು ಕಲೆ ಇತ್ತು. ಹಿಂದೊಮ್ಮೆಯೂ ನೀನು ಬೆರಳು ಕೊಯ್ದುಕೊಂಡವಳಲ್ಲ. ಅಪ್ಪನ ಕೈಕೆಳಗೆ ಕಲಿತವಳು ಬಾಗಿಲ ಕಡೆ ನೋಡದೆ ಬೆರಳು ಕೊಯ್ದುಕೊಳ್ಳುತ್ತಾಳೆಯೇ?

ಅಕ್ಕ


ಮೇ 5

ಅಕ್ಕಾ,

ಹೋಗಿ ಬಂದೆ.

ಆರನೇ ಮಹಡಿಯ ಮನೆ. ಬಾಗಿಲು ತೆರೆದವರು ತಾಯಿ. ನಾನು ಇನ್ನೂ ಬಾಯಿ ತೆರೆದಿರಲಿಲ್ಲ, ಕೈಯಲ್ಲಿದ್ದ ಫ್ರೇಮ್ ನೋಡಿ, "ಓ, ಅಂಗಡಿಯವರಾ! ಬನ್ನಿ ಬನ್ನಿ, ನಿಮ್ಮ ಕೆಲಸ ಎಲ್ಲ ಒಂದೇ ಕಡೆ ನೋಡುವಿರಂತೆ" ಎಂದು ಒಳಗೆ ಕರೆದರು.

ಅಕ್ಕಾ, ನಡುಮನೆಯ ಗೋಡೆಯ ತುಂಬ ನಾನೇ! ಈಜಿನ ಸರ್ಟಿಫಿಕೇಟು, ಕ್ಯಾಲೆಂಡರು, ವೇಳಾಪಟ್ಟಿ, ನಡುವೆ ಅಗಲದ ಪಟ್ಟಿಯಲ್ಲಿ ನೀರಿನ ಬಿಲ್ಲು. ಅವರ ತಂದೆಯ ಫೋಟೋ ಪಾಪ ಮೂಲೆಗೆ ಸರಿದಿದೆ. ತಾಯಿ ಅಂದರು, "ನೀರಿನ ಆಫೀಸಿನವರು ಹಳೇ ಬಿಲ್ಲು ತೋರಿಸಿ ಅಂದ್ರು. ಗೋಡೆಯಿಂದ ಇಳಿಸಿಕೊಂಡು ಹೋದೆ. ಅವರು ಎದ್ದು ನಿಂತು ನೋಡಿದ್ರು." ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಗುವೂ ತಡೆಯಲಾಗಲಿಲ್ಲ. ಅವರೂ ನಕ್ಕರು. ಇಬ್ಬರೂ ಕಣ್ಣೊರೆಸಿಕೊಳ್ಳುವಷ್ಟು ನಕ್ಕೆವು.

ಆಮೇಲೆ ಅವರು ಮೆಲ್ಲಗೆ, "ಇವನು ಒಂದು ತಿಂಗಳಿಂದ ಏನೂ ತಂದಿಲ್ಲ. ಮನೆಯಲ್ಲಿ ಮಾತೂ ಇಲ್ಲ. ಏನೋ ಪತ್ರಿಕೆ ಓದಿದಾಗಿಂದ ಹೀಗೆ" ಅಂದರು. ನಾನು ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಅಕ್ಕ ಕಥೆ ಬರೆಯುತ್ತಾಳೆ, ಆ ಮಾತು ನಾನೇ ಆಡಿದ್ದು, ಆದರೆ ಮನಸ್ಸಿನಲ್ಲಿ ಇದ್ದದ್ದು ಅದಲ್ಲ ಎಂದೆಲ್ಲ. ಅವರು ಗಲ್ಲದ ಮೇಲೆ ಕೈ ಇಟ್ಟುಕೊಂಡು, "ಅವರು ನಿಮ್ಮ ಅಕ್ಕನಾ! ನಾನು ವಾರ ವಾರ ಓದ್ತೀನಿ, ಆ ಒಂದು ಸಂಚಿಕೆ ಮಾತ್ರ ಇವನು ಬಚ್ಚಿಟ್ಟುಬಿಟ್ಟ. ಅವರಿಗೆ ಅದೆಲ್ಲ ಎಲ್ಲಿಂದ ಹೊಳೆಯುತ್ತೋ" ಅಂದರು. ಗೋಡೆ ತೋರಿಸಿದೆ.

ಅಷ್ಟರಲ್ಲಿ ಲಿಫ್ಟ್‌ನವರೇ ಬಂದರು. ಬಾಗಿಲಲ್ಲೇ ನಿಂತರು, ಕೈಯಲ್ಲಿ ಎಣ್ಣೆ ಡಬ್ಬಿ. "ಫ್ರೇಮ್ ರೆಡಿಯಾಗಿತ್ತು, ಅದಕ್ಕೇ" ಅಂದೆ. "ಅದಕ್ಕೆ ನೀವು ಇಲ್ಲಿ ತನಕ ಬರಬೇಕಿತ್ತಾ" ಅಂದರು, ನೆಲ ನೋಡುತ್ತ. ಅಷ್ಟೇ ಮಾತು. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಎಲ್ಲಿ ಹೋಯಿತೋ. ನಾನು ಹೊರಡಲು ಎದ್ದೆ. ತಾಯಿಯೇ, "ಲಿಫ್ಟಲ್ಲಿ ಕೆಳಗೆ ಬಿಟ್ಟು ಬಾರೋ. ಭಯಪಡಬೇಡಮ್ಮ, ನನ್ನ ಮಗ ನೋಡಿಕೊಳ್ಳೋ ಲಿಫ್ಟು, ಇವತ್ತಿನವರೆಗೂ ಒಂದು ಸಲವೂ ನಡುವೆ ನಿಂತಿಲ್ಲ" ಎಂದರು.

ಐದಾಯಿತು, ನಾಲ್ಕಾಯಿತು. ಅವರು ಪರವಾನಗಿಯ ಫ್ರೇಮ್ ನೋಡುತ್ತಿದ್ದರು, ಅದೂ ನಾನು ಹಾಕಿದ್ದೇ. ನಾನು ನನ್ನ ಚಪ್ಪಲಿ ನೋಡುತ್ತಿದ್ದೆ. ಕೆಳಗೆ ಬಾಗಿಲು ತೆರೆಯುತ್ತದೆ, ನಾನು ಹೋಗುತ್ತೇನೆ, ಮುಗಿಯಿತು ಅನ್ನಿಸಿತು. ಅದು ನನಗೆ ಸಹಿಸಲಾಗಲಿಲ್ಲ ಅಕ್ಕಾ.

ಮೂರಕ್ಕೂ ಎರಡಕ್ಕೂ ನಡುವೆ ಲಿಫ್ಟ್ ನಿಂತಿತು. ಅವರೇ ಉಪಾಯ ಮಾಡಿ ನಿಲ್ಲಿಸಿದರು ಎಂದು ತಾನೇ ನೀನಾದರೆ ಬರೆಯುವುದು? ಕೆಂಪು ಗುಂಡಿ ಒತ್ತಿದವಳು ನಾನು.

"ನಿಮ್ಮ ತಲೆಗಲ್ಲ, ನನಗೇ ಫ್ರೇಮ್ ಬೇಕಿತ್ತು, ಕಣ್ಣಿಗೆ ಕನ್ನಡಕದ್ದು. ಇಷ್ಟು ದಿನ ಕಾಣಲಿಲ್ಲ" ಎಂದೆ. ಆಮೇಲೆ ಅವರು ಮಾತಾಡಿದರು.

ನಾಳೆಯಿಂದ ಸ್ಟೂಲ್ ಮತ್ತೆ ಹೊರಗೆ ಬರುತ್ತದೆ.

ಪುಟ್ಟಿ


ಮೇ 9

ನನ್ನ ಚಿನ್ನದಂಥ ಪುಟ್ಟಿ,

ಕಾಗದ ಓದಿ ನಾನೂ ನಿಮ್ಮ ಭಾವನೂ ಅಡುಗೆಮನೆಯಲ್ಲಿ ಕುಣಿದಾಡಿದೆವು. ಅವರ ಸೊಂಟ ಹಿಡಿದುಕೊಂಡಿದೆ, ಆದರೂ ಖುಷಿಯಾಗಿದ್ದಾರೆ.

ಆದರೆ ಇದೇನು ಅನ್ಯಾಯ? "ಆಮೇಲೆ ಅವರು ಮಾತಾಡಿದರು", ಅಷ್ಟೇನಾ? ಏನೆಂದರು? ಹೇಗೆಂದರು? ಪುಟ್ಟಿ, ಕೊನೆಯ ಕಂತು ಬಾಕಿ ಇದೆ. ನನ್ನ ಪೈಲಟ್ಟೂ ನಾಯಕಿಯೂ ವಿಮಾನ ನಿಲ್ದಾಣದ ಲಿಫ್ಟಿನಲ್ಲಿ ನಿಂತಿದ್ದಾರೆ (ಆಣೆ ಮಾಡಿದ್ದೆ, ಗೊತ್ತು, ನಿಮ್ಮ ಭಾವ ಆಗಲೇ ಬೈದಾಯಿತು). ಅವಳು ಗುಂಡಿ ಒತ್ತಿದ್ದಾಳೆ. ಅವನು ಬಾಯಿ ತೆರೆದಿದ್ದಾನೆ. ಇನ್ನು ಮುಂದೆ ಪೆನ್ನು ಓಡುತ್ತಿಲ್ಲ. ಒಂದೇ ಒಂದು ಸಾಲು ಹೇಳು. ಕೂದಲಿನ ಬಣ್ಣ ಬದಲಾಯಿಸುತ್ತೇನೆ.

ಅಕ್ಕ


ಮೇ 13

ಅಕ್ಕಾ,

ಇಲ್ಲ.

ಸ್ಟೂಲು, ಟ್ಯೂಬ್‌ಲೈಟು, ಬಿಲ್ಲು, ನನ್ನ ಬೆರಳಿನ ರಕ್ತ, ಕೊನೆಗೆ ಕೆಂಪು ಗುಂಡಿಯೂ ನಿನ್ನ ಪಾಲಾಯಿತು, ತೆಗೆದುಕೋ. ಆ ಮಾತು ಮಾತ್ರ ನನ್ನದು. ಅದಕ್ಕೆ ಫ್ರೇಮೂ ಇಲ್ಲ, ಅಚ್ಚೂ ಇಲ್ಲ. ನೀನು ಕಥೆಗಾರ್ತಿ ತಾನೇ, ಒಂದು ಸಾಲು ನಿನ್ನ ಸ್ವಂತ ಬುದ್ಧಿಯಿಂದ ಬರೆ ನೋಡೋಣ.

ನಾವಿಬ್ಬರೂ ಮುಂದಿನ ತಿಂಗಳು ಅಲ್ಲಿಗೆ ಬರುತ್ತೇವೆ. ಅವರಿಗೆ ದವಡೆ ಹಲ್ಲು ನೋಯುತ್ತಿದೆಯಂತೆ. ಭಾವನಿಗೆ ಹೇಳಿಡು, ಬಾಯಿ ತೆರೆಸಿ ಗುಟ್ಟು ಹೊರಡಿಸಲು ನೋಡಬಾರದು.

ಪುಟ್ಟಿ


ಜೂನ್ 1

ಪುಟ್ಟಿ,

ಕೊನೆಯ ಕಂತು ಬಂದಿರುವ ಪತ್ರಿಕೆ ಇದರ ಜೊತೆಗಿದೆ. ದಯವಿಟ್ಟು ಯಾವುದಕ್ಕೂ ಸುತ್ತಬೇಡ.

ಆ ಒಂದು ಸಾಲಿಗೆ ನಾನು ಪಟ್ಟ ಪಾಡು ಯಾರಿಗೂ ಬೇಡ. ಬರೆದೆ, ಹರಿದೆ. "ನೀನಿಲ್ಲದೆ ಆಕಾಶ ಖಾಲಿ" ಎಂದು ಬರೆದು ಓದಿ ಹೇಳಿದೆ, ನಿಮ್ಮ ಭಾವ ತಿನ್ನುತ್ತಿದ್ದ ರೊಟ್ಟಿಯನ್ನು ತಟ್ಟೆಗೆ ವಾಪಸ್ಸಿಟ್ಟರು. ರೇಗಿಹೋಗಿ ಕೇಳಿದೆ: "ನಾವಿಬ್ಬರು ಲಿಫ್ಟಲ್ಲಿ ಸಿಕ್ಕಿಕೊಂಡರೆ ನೀವೇನು ಹೇಳ್ತಿದ್ರಿ?" ಅವರು ಯೋಚನೆ ಮಾಡಲೇ ಇಲ್ಲ. "ಏನೂ ಹೇಳ್ತಿರಲಿಲ್ಲ. ಮೊದಲು ನಿನ್ನ ಕೈಯಲ್ಲಿರೋ ಚೀಲ ತಗೊಳ್ತಿದ್ದೆ. ನಿನಗೆ ಭುಜ ನೋವು ಅಲ್ವಾ" ಎಂದರು.

ಪುಟ್ಟಿ, ನನಗೆ ಭುಜ ನೋಯುವುದು ಅವರಿಗೆ ಗೊತ್ತಿದೆಯೆಂದು ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ನನ್ನ ದವಡೆ ಮಾತ್ರ ನೋಡುತ್ತಾರೆ ಎಂದುಕೊಂಡಿದ್ದೆ. ಒಳಗೆ ಹೋಗಿ ಸ್ವಲ್ಪ ಹೊತ್ತು ಅತ್ತೆ. ಆಮೇಲೆ ಬಂದು ಅದನ್ನೇ ಬರೆದೆ. ಪೈಲಟ್ ಅವಳ ಚೀಲ ತೆಗೆದುಕೊಂಡು, "ಇದನ್ನು ಇನ್ನು ಮುಂದೆ ನಾನು ಹಿಡಿಯುತ್ತೇನೆ" ಎನ್ನುತ್ತಾನೆ. ಅಷ್ಟೆ.

ಸಂಪಾದಕರು ಫೋನ್ ಮಾಡಿ, ಅಡುಗೆ ಅಂಕಣ ಬೇಡ, ಇನ್ನೊಂದು ಧಾರಾವಾಹಿ ಕೊಡಿ ಎಂದಿದ್ದಾರೆ. ಅವರೂ ಅದನ್ನೇ ಕೇಳಿದರು, ಎಲ್ಲಿಂದ ಹೊಳೆಯಿತು ಅಂತ. ನಿಮ್ಮ ಭಾವ ಪಕ್ಕದಲ್ಲೇ ಇದ್ದರು. ನಾನು ಹೇಳಲಿಲ್ಲ.

ಹೇಳು, ಸರಿಯಾಗಿ ಊಹಿಸಿದೆನೇ? ಹೌದು ಅಥವಾ ಇಲ್ಲ, ಅಷ್ಟು ಸಾಕು.

ನಿನ್ನ ಅಕ್ಕ


ಜೂನ್ 9

ಅಕ್ಕಾ,

ಪತ್ರಿಕೆ ಬಂದಾಗ ಅವರು ಸ್ಟೂಲಿನ ಮೇಲಿದ್ದರು. ನಾನು ಗಾಜು ಕೊಯ್ಯುತ್ತಿದ್ದೆ, ಅವರು ಗಟ್ಟಿಯಾಗಿ ಓದಿದರು. ಲಿಫ್ಟಿನ ಭಾಗ ಬಂದಾಗ ದನಿ ಸಣ್ಣದಾಯಿತು. ಅಷ್ಟರಲ್ಲಿ ಬಂದ ಜೋಡಿಯೊಂದು ಜಗಳ ಮರೆತು ಕೊನೆಯವರೆಗೂ ನಿಂತು ಕೇಳಿ, ಸುಮ್ಮನೆ ಮರದ ಬಣ್ಣವೇ ಆರಿಸಿಕೊಂಡು ಹೋಯಿತು.

ಚೀಲ ತೆಗೆದುಕೊಂಡದ್ದು ನಿಜ. ನಾನು ಯಾರಿಗೂ ಹೇಳಿರಲಿಲ್ಲ. ಭಾವನಿಗೆ ನನ್ನ ನಮಸ್ಕಾರ ತಿಳಿಸು.

ಆದರೆ ಅವರು ಆಡಿದ ಮಾತು ಅದಲ್ಲ ಅಕ್ಕಾ. ಅದಕ್ಕಿಂತ ಎಷ್ಟೋ ಚೆನ್ನಾಗಿತ್ತು.

ನಿನ್ನ ಪುಟ್ಟಿ